ನಾವು ತಿನ್ನದ ಸೌತೆ

ನಮ್ಮ ಬಯಲುಸೀಮೆಯ ಸಣ್ಣ ರೈತರು ತೊಂಬತ್ತರ ದಶಕದ ಆರಂಭದಿಂದಲೂ ಮಿಡಿಸೌತೆ ಬೆಳೆಯುತ್ತಿದ್ದಾರೆ. ಆದರೆ ಅವರಲ್ಲಿ ಬಹುಪಾಲು ಜನರ ಊಟದ ತಟ್ಟೆಗೆ ಅದು ಬಂದದ್ದಿಲ್ಲ. ಗರ್ಕಿನ್ ಎಂಬ ಹೆಸರಿನ ಈ ಕಾಯಿ ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಮುಳುಗಿ, ಡ್ರಮ್ಮುಗಳಲ್ಲಿ ತುಂಬಿಕೊಂಡು ಹಡಗು ಹತ್ತುತ್ತದೆ. 2020-21ರಲ್ಲಿ ಭಾರತದಿಂದ 2,23,515 ಟನ್ ಹೀಗೆ ಹೊರಟಿತು. ಅದರ ಮೌಲ್ಯ ಸುಮಾರು 22.3 ಕೋಟಿ ಡಾಲರ್. ಜಗತ್ತಿಗೆ ಬೇಕಾದ ಗರ್ಕಿನ್‌ನಲ್ಲಿ ಸುಮಾರು ಶೇ 15ರಷ್ಟು ನಮ್ಮದೇ, ಅದರಲ್ಲೂ ಕರ್ನಾಟಕ, ಆಂಧ್ರ, ತಮಿಳುನಾಡು, ತೆಲಂಗಾಣಗಳದ್ದು.

ಯುರೋಪಿನ ರೈತನಿಗೆ ಬೇಸಿಗೆಯಲ್ಲಿ ಮಾತ್ರ ಒದಗುವ ಈ ಬೆಳೆಯನ್ನು ನಮ್ಮಲ್ಲಿ ನೀರಿದ್ದರೆ ವರ್ಷವಿಡೀ ತೆಗೆಯಬಹುದು. ಆದರೆ ಹವಾಮಾನವೊಂದರಿಂದಲೇ ಯಾರೂ ಪರದೇಶದ ಪೇಟೆಯನ್ನು ಗೆದ್ದಿಲ್ಲ. ಕಳೆದ ವರ್ಷ ದೊಡ್ಡಪ್ಪನ ಹೊಲದಲ್ಲಿ ನಾಲ್ಕು ದಿನ ಇದ್ದಾಗ ನನಗೆ ಕಂಡದ್ದೇ ಬೇರೆ. ಕಂಪನಿಯವರು ಬೀಜ, ಗೊಬ್ಬರ, ಔಷಧಿಗಳನ್ನು ಸಾಲವಾಗಿ ಕೊಟ್ಟು, ಆ ಹಣವನ್ನು ಕಾಯಿಯ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ಯಾವ ಔಷಧಿಯನ್ನು ಎಂದು ಹೊಡೆಯಬೇಕು, ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂಬುದನ್ನು ಅವರ ಕ್ಷೇತ್ರ ಸಿಬ್ಬಂದಿಯೇ ಬಂದು ಹೇಳುತ್ತಾರೆ, ಏಕೆಂದರೆ ಕಾಯಿಯಲ್ಲಿ ಉಳಿಯುವ ವಿಷದ ಅಂಶ ಕೊಳ್ಳುವ ದೇಶದ ಮಿತಿಯನ್ನು ದಾಟಿದರೆ ಇಡೀ ಸರಕೇ ತಿರಸ್ಕೃತವಾಗಬಹುದು.

ಬೆಲೆಯ ಲೆಕ್ಕವಂತೂ ನಾವು ಬಲ್ಲ ಬೇಸಾಯಕ್ಕೆ ತದ್ವಿರುದ್ಧವಾದುದು. ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ನಿಲ್ಲುವ ದರ್ಜೆಗೆ ಎಲ್ಲಕ್ಕಿಂತ ಒಳ್ಳೆಯ ಬೆಲೆ ಸಿಗುತ್ತದೆ. ತೂಕ ಬರಲೆಂದು ಕಾದವನಿಗೆ ನಷ್ಟ. “ಒಂದು ದಿನ ಮದುವೆಮನೆಗೆ ಹೋಗಿ ಬಂದರೆ ಕಾಯಿ ಬಲಿತು ಕೂತಿರುತ್ತೆ ಕಣಪ್ಪ,” ಎಂದರು ದೊಡ್ಡಮ್ಮ. ಬಿತ್ತಿದ ತಿಂಗಳು ಕಳೆದು ಕೊಯ್ಲು ಶುರುವಾದರೆ, ತೊಂಬತ್ತು ದಿನದ ಬೆಳೆ ಮುಗಿಯುವವರೆಗೆ ಅವರಿಗೆ ಹಬ್ಬವೂ ಇಲ್ಲ, ನೆಂಟರ ಮನೆಯೂ ಇಲ್ಲ. ಮುಳ್ಳುಮುಳ್ಳಾದ ಬಳ್ಳಿಯ ನಡುವೆ ಬಗ್ಗಿ, ಎಲೆ ಸರಿಸಿ, ಬೆರಳಿನಷ್ಟು ಗಾತ್ರದ ಕಾಯಿಯನ್ನು ಹುಡುಕಿ ಕೀಳುವ ಈ ಕೆಲಸವೇ ನಮ್ಮ ಸ್ಪರ್ಧೆಯ ನಿಜವಾದ ಬಲವೆಂದು ನನಗೆ ಅನ್ನಿಸಿತು. ರಫ್ತಿಗಾಗಿ ಉತ್ಪಾದನೆ ಸುಧಾರಿಸುವುದೆಂದರೆ ಇಳುವರಿ ಹೆಚ್ಚಿಸುವುದು ಎಂದೇ ನಾನು ತಿಳಿದಿದ್ದೆ. ಇಲ್ಲಿ ಸುಧಾರಿಸಿದ್ದು ಕಾಯಿಯ ಗಾತ್ರದ ಮೇಲಿನ ಹಿಡಿತ, ಮತ್ತು ಅದಕ್ಕೆ ತೆತ್ತದ್ದು ಮನೆಮಂದಿಯ ಹೊತ್ತು.

ಎಕರೆಗೆ ಸರಾಸರಿ 4 ಟನ್ ಇಳುವರಿ, 80,000 ರೂಪಾಯಿ ಆದಾಯ, ಖರ್ಚು ಕಳೆದು 40,000 ರೂಪಾಯಿ ಉಳಿಕೆ ಎಂದು 2022ರಲ್ಲಿ ಕೇಂದ್ರ ಸರ್ಕಾರದ ಪ್ರಕಟಣೆ ಹೇಳಿತ್ತು. ಮೂರು ತಿಂಗಳಿಗೆ ಅದು ಕಡಿಮೆಯೇನಲ್ಲ. ಹೊರಡುವ ಹಿಂದಿನ ರಾತ್ರಿ ದೊಡ್ಡಪ್ಪನ ಲೆಕ್ಕದ ಪುಸ್ತಕವನ್ನು ತಿರುವಿ ನೋಡಿದೆ. ಹೊರಗಿನ ಆಳುಗಳ ಕೂಲಿ, ದಾರ, ಗೂಟ, ಔಷಧಿ, ಆಟೋ ಬಾಡಿಗೆ, ಎಲ್ಲವೂ ತಾರೀಖಿನ ಸಮೇತ ಇದ್ದವು. ದೊಡ್ಡಮ್ಮನ ಕೂಲಿಯ ಕಾಲಮ್ಮೇ ಅದರಲ್ಲಿರಲಿಲ್ಲ.