ಮಾಮಾನ ಆಸಿಡ್ ತೊಟ್ಟಿಗೆ ಬೇವಿನ ಸೊಪ್ಪು

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ನಮ್ಮ ಮಾಮಾನದೊಂದು ಸಣ್ಣ ಶೆಡ್ ಇದೆ. ತುಕ್ಕು ಹಿಡಿದ ಕಬ್ಬಿಣವನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಮುಳುಗಿಸಿ, ತೊಳೆದು, ಪೇಂಟಿಗೆ ರೆಡಿ ಮಾಡುತ್ತಾರೆ. "ತುಕ್ಕು ಯಾವುದು, ಕಬ್ಬಿಣ ಯಾವುದು ಅಂತ ಆಸಿಡ್‌ಗೆ ಗೊತ್ತಾಗಂಗಿಲ್ಲೋ ತಮ್ಮಾ, ಎರಡನ್ನೂ ತಿಂತದ" ಅಂದರು ಒಮ್ಮೆ. ಆ ಮಾತು ತಲೆಯಲ್ಲೇ ಉಳಿಯಿತು.

ಧಾರವಾಡದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುವಾಗ ಇದನ್ನೇ ಹಿಡಿದೆ: ಆಸಿಡ್ ತುಕ್ಕನ್ನು ತಿನ್ನಲಿ, ಕಬ್ಬಿಣವನ್ನು ಬಿಡಲಿ, ಅದಕ್ಕೆ ಬೇವು ನೆರವಾಗುತ್ತದಾ ಅಂತ. ಬೇವಿನ ಎಲೆ ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ಕುದಿಸಿ ಸೋಸಿದೆ. ಒಂದೇ ಅಳತೆಯ ಎರಡು ಕಬ್ಬಿಣದ ತುಂಡು, ಎರಡು ಬೀಕರ್, ಒಂದರಲ್ಲಿ ಬರೀ ಆಸಿಡ್, ಇನ್ನೊಂದರಲ್ಲಿ ಆಸಿಡ್ ಜೊತೆ ಸ್ವಲ್ಪ ಕಷಾಯ. ಬರೀ ಆಸಿಡ್‌ನಲ್ಲಿ ಹೈಡ್ರೋಜನ್ ಗುಳ್ಳೆ ಬುಸುಬುಸು ಏಳುತ್ತಿದ್ದರೆ, ಬೇವು ಹಾಕಿದ ಕಡೆ ಅಲ್ಲೊಂದು ಇಲ್ಲೊಂದು. ಎಷ್ಟು ಖುಷಿಯಾಯಿತು ಅಂದರೆ, ಅವತ್ತು ಊಟಕ್ಕೂ ಹೋಗದೆ ಅದನ್ನೇ ನೋಡುತ್ತಾ ಕೂತಿದ್ದೆ.

ಎಲೆಯಲ್ಲಿರುವ ಟ್ಯಾನಿನ್, ಫ್ಲೇವನಾಯ್ಡ್‌ನಂಥ ವಸ್ತುಗಳ ಆಕ್ಸಿಜನ್ ಪರಮಾಣುಗಳು ಲೋಹದ ಮೈಗೆ ಅಂಟಿಕೊಂಡು ತೆಳುವಾದ ಪದರ ಕಟ್ಟುತ್ತವೆ. ಹಾಗಾಗಿ ಆಸಿಡ್‌ಗೆ ಲೋಹ ಸುಲಭವಾಗಿ ಸಿಗುವುದಿಲ್ಲ. ತುಕ್ಕು ಮಾತ್ರ ಕರಗುತ್ತಲೇ ಇರುತ್ತದೆ. ಲೆಕ್ಕ ಹಾಕೋದು ತೂಕದಿಂದ: ಬರೀ ಆಸಿಡ್‌ನಲ್ಲಿ 100 ಮಿಲಿಗ್ರಾಂ ಕರಗಿ, ಕಷಾಯ ಹಾಕಿದಾಗ 20 ಕರಗಿದರೆ ಉಳಿತಾಯ 80%. ಮೆಹಂದಿ ಎಲೆ, ದಾಳಿಂಬೆ ಸಿಪ್ಪೆಯಿಂದಲೂ ಇದೇ ಕೆಲಸ ಆಗುತ್ತದೆ. ತುಕ್ಕು ತಡೆಯಲು ಮೊದಲಿನಿಂದ ಬಳಸುತ್ತಿದ್ದ ಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು, ದಿನಾ ತೊಟ್ಟಿ ಪಕ್ಕದಲ್ಲೇ ನಿಂತು ದುಡಿಯುವ ಹುಡುಗರನ್ನು ನೋಡಿದಾಗ ನನಗೆ ಇಂಥ ಕೆಲಸ ಬೇಕೇ ಬೇಕು ಅನಿಸುತ್ತದೆ.

ಆದರೆ ತೊಂದರೆಗಳೂ ಇವೆ. ಆಸಿಡ್ ಬಿಸಿಯಾದರೆ ಪದರ ಸಡಿಲವಾಗುತ್ತದೆ, ಅದೂ ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ ಒಳಗೆ! ಕಷಾಯ ಮಾಡಿಟ್ಟರೆ ನಾಲ್ಕು ದಿನಕ್ಕೇ ಬೂಸ್ಟು. ಒಂದು ಮರದ ಎಲೆ ಇನ್ನೊಂದರಂತೆ ಇರಲ್ಲ, ಹೀಗಾಗಿ ಪ್ರತಿ ಸಲ ಅಳತೆ ನೋಡಿಯೇ ಹಾಕಬೇಕು.

"ಹಂಗಾದ್ರ ಗೇಟಿಗೂ ಬೇವಿನ ನೀರು ಬಳಿದ್ರಾತು ಅಲ್ಲಾ?" ಅಂತ ಮಾಮಾ ಕೇಳಿದರು. ಬೇಡ ಅಂದೆ. ಒಂದು ಮಳೆಗೆ ತೊಳೆದು ಹೋಗುತ್ತದೆ. ತೊಟ್ಟಿಯಿಂದ ತೆಗೆದ ಕಬ್ಬಿಣವನ್ನು ಕೂಡಲೇ ಚೆನ್ನಾಗಿ ತೊಳೆದು, ಒಣಗಿಸಿ ಪ್ರೈಮರ್ ಹೊಡೆಯಲೇಬೇಕು, ಸುಮ್ನೆ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪು.