ಪಂಪ್ ಬದಲಿಸುವ ಮೊದಲು ಗೇಜ್ ಹಾಕಿ ಘಟ್ಟ ಹತ್ತಿಸಿ

ಪಿಕಪ್ ಇಲ್ಲ, ಘಟ್ಟದಲ್ಲಿ ಎಳೆಯೋದೇ ಇಲ್ಲ ಅಂತ ಪೆಟ್ರೋಲ್ ಕಾರು ಬಂದರೆ ನಮ್ಮ ಕಡೆ ಮೊದಲು ಕೇಳುವ ಮಾತು ‘ಪಂಪ್ ಹೋಗಿದೆ’. ಪಂಪ್ ಹೋಗೋದೂ ಉಂಟು. ಆದರೆ ಟ್ಯಾಂಕಿನ ಒಳಗೆ ಕೂತು ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಅದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ತಪ್ಪನ್ನು ಅದರ ತಲೆಗೆ ಕಟ್ಟೋದು ಸುಲಭ. ಪೆಟ್ರೋಲ್ ಲೈನಿಗೆ ಒತ್ತಡ ಅಳೆಯುವ ಪ್ರೆಶರ್ ಗೇಜ್ ಹಾಕಿ ನೋಡುವವರು ಕಡಿಮೆ. ಹಾಕಿದರೂ ಗ್ಯಾರೇಜ್ ಎದುರು ನಿಲ್ಲಿಸಿ, ಐಡ್ಲಿಂಗಲ್ಲಿ ಒಮ್ಮೆ ಮುಳ್ಳು ನೋಡಿ ಬಿಚ್ಚುವವರೇ ಜಾಸ್ತಿ. ಅದರಿಂದ ಅರ್ಧ ವಿಷಯವಷ್ಟೇ ಗೊತ್ತಾಗುತ್ತದೆ.

ನನ್ನ ಗ್ಯಾರೇಜ್ ಶಿರಸಿಯಲ್ಲಿ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕುಮಟಾದಿಂದ ಒಬ್ಬರು ಬಂದರು. ಅಡಿಕೆ ವ್ಯವಹಾರ, ಮನೆ ಸಮುದ್ರಕ್ಕೆ ಹತ್ತಿರ. ‘ತಮಾ, ಪಂಪು ಹೊಸದು ಹಾಕ್ಸಾಯ್ತು, ಫಿಲ್ಟರೂ ಹೊಸದು. ಆದ್ರೂ ದೇವಿಮನೆ ಘಟ್ಟ ಹತ್ತೂದಿಲ್ಲ. ಇನ್ನೆಂತ ಮಾಡೂದು?’ ಅಂದರು. ಬೇರೆ ಕಡೆ ಎರಡನ್ನೂ ಬದಲಿಸಿದ್ದರು. ಸಪಾಟು ರಸ್ತೆಯಲ್ಲಿ ಕಾರಿಗೆ ಏನೂ ತೊಂದರೆ ಇಲ್ಲ. ಸೆಕೆಂಡ್ ಗೇರಲ್ಲಿ ಏರು ಹತ್ತುವಾಗ ಪೂರ್ತಿ ಒತ್ತಿದರೆ ಮಾತ್ರ ಜರ್ಕ್ ಹೊಡೆದು ನಿಂತೇ ಬಿಡುತ್ತದೋ ಅನ್ನುವಷ್ಟು ಸೋಲುತ್ತದೆ.

ಗೇಜ್ ಹಾಕುವ ಮೊದಲು ಲೈನಿನ ಒತ್ತಡ ಇಳಿಸಲೇಬೇಕು. ಇದರಲ್ಲಿ ಅವಸರ ಬೇಡ. ಎಂಜಿನ್ ತಣ್ಣಗಿರಲಿ. ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ. ಲೈನಿನಲ್ಲಿ ಉಳಿದದ್ದನ್ನು ಕುಡಿದು ತಾನೇ ಆಫ್ ಆಗುತ್ತದೆ. ಇನ್ನೊಂದೆರಡು ಸಲ ಸೆಲ್ಫ್ ಹೊಡೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಪೈಪಿಗೆ ಬಟ್ಟೆ ಸುತ್ತಿ ಜಾಯಿಂಟ್ ಬಿಡಿಸಿ. ಇಷ್ಟಾದರೂ ಸ್ವಲ್ಪ ಚಿಮ್ಮುತ್ತದೆ. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ಕನ್ನಡಕ ಹಾಕಿಕೊಳ್ಳದೆ ಈ ಜಾಯಿಂಟ್ ಮುಟ್ಟಲು ಬಿಡುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ, ಮೂಲೆಯಲ್ಲಿ ಸಾಮಾನಿನ ಹಿಂದೆ ಅಲ್ಲ.

ಇಲ್ಲೇ ಒಂದು ಮಾತು. ಇದೆಲ್ಲ ಮಾಮೂಲಿ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರ್‌ಗೂ ಒಂದೊಂದು ಇಂಜೆಕ್ಟರ್ ಕಡಿಮೆ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಕಾರುಗಳಿಗೆ. ಕಾಮನ್ ರೈಲ್ ಡೀಸೆಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅದರ ಹೈ ಪ್ರೆಶರ್ ಪೈಪು ಸಡಿಲಿಸಿ ಬೆರಳಿಟ್ಟು ನೋಡುವ ಕೆಲಸ ಮಾಡಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿ ಒತ್ತಡವನ್ನು ಕಾರಿಗೆ ಜೋಡಿಸುವ ಸ್ಕ್ಯಾನರ್‌ನಲ್ಲೇ ಓದಬೇಕು. ಸಿಲಿಂಡರ್ ಒಳಗೇ ಪೆಟ್ರೋಲ್ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಕಾರಿನ ಹೈ ಪ್ರೆಶರ್ ಭಾಗಕ್ಕೂ ಇದೇ ಮಾತು.

ಟೀ ಜಾಯಿಂಟ್ ಕೊಟ್ಟು ಗೇಜ್ ಸೇರಿಸಿ, ಫ್ಯೂಸ್ ಹಾಕಿ, ಬ್ಯಾಟರಿಯ ಮೈನಸ್ ಮತ್ತೆ ಸೇರಿಸಿ ಚಾವಿ ಆನ್ ಮಾಡಿದರೆ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ ಜುಂಯ್ ಅಂತ ಸದ್ದು ಬರುತ್ತದೆ. ಪಂಪ್ ಲೈನ್ ತುಂಬಿಸುವ ಸದ್ದು ಅದು. ಹೆಚ್ಚಿನ ಕಾರುಗಳಲ್ಲಿ ಮುಳ್ಳು 3 ಬಾರ್ ಆಸುಪಾಸು, ಅಂದರೆ ಸುಮಾರು 43 ಪಿಎಸ್‌ಐಗೆ ಬಂದು ನಿಲ್ಲಬೇಕು. ಕೆಲವಕ್ಕೆ ಇನ್ನೂ ಜಾಸ್ತಿ ಇರುತ್ತದೆ, ಆಯಾ ಕಾರಿನ ಮ್ಯಾನ್ಯುಯಲ್ ನೋಡಿ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್ ಮೇಲೆ ಒತ್ತಡ ಕಾಯುವ ರೆಗ್ಯುಲೇಟರ್, ಅದಕ್ಕೊಂದು ವ್ಯಾಕ್ಯೂಮ್ ಪೈಪು, ಟ್ಯಾಂಕಿಗೆ ರಿಟರ್ನ್ ಲೈನ್ ಇರುವ ಹಳೇ ಕಾರಾದರೆ ಐಡ್ಲಿಂಗಲ್ಲಿ 2.5ರ ಹತ್ತಿರ ತೋರಿಸಿ, ವ್ಯಾಕ್ಯೂಮ್ ಪೈಪು ಕಿತ್ತ ಕೂಡಲೇ 3ಕ್ಕೆ ಏರಬೇಕು. ಏರಲಿಲ್ಲ ಅಂದರೆ ರೆಗ್ಯುಲೇಟರ್ ನೋಡಿ. ಆ ವ್ಯಾಕ್ಯೂಮ್ ಪೈಪಿನೊಳಗೆ ಪೆಟ್ರೋಲ್ ಹಸಿ ಕಂಡರೆ ಅನುಮಾನವೇ ಬೇಡ, ಒಳಗಿನ ಡಯಾಫ್ರಮ್ ಹರಿದಿದೆ.

ಕುಮಟಾದವರ ಕಾರಲ್ಲಿ ಐಡ್ಲಿಂಗ್ ಪ್ರೆಶರ್ ಸರಿಯಾಗಿ 3 ಬಾರ್. ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೂ ಮುಳ್ಳು ಹೆಚ್ಚು ಕೆಳಗಿಳಿಯಲಿಲ್ಲ. ಅಂದರೆ ಇಂಜೆಕ್ಟರ್ ಸೋರುತ್ತಿಲ್ಲ, ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಪಂಪಿನ ಚೆಕ್ ವಾಲ್ವೂ ಹಿಡಿಯುತ್ತಿದೆ. ಇಲ್ಲಿಗೇ ಬಿಟ್ಟಿದ್ದರೆ ಪ್ರೆಶರ್ ಓಕೆ ಅಂತ ಬರೆದು ಪ್ಲಗ್, ಕಾಯಿಲ್, ಕ್ಯಾಟಲಿಟಿಕ್ ಅಂತ ಬೇರೆ ಕಡೆ ಕೈ ಹಾಕಬಹುದಿತ್ತು.

ಆದರೆ ಐಡ್ಲಿಂಗಲ್ಲಿ ಸಣ್ಣ ಕಾರು ಕುಡಿಯುವುದು ಗಂಟೆಗೆ ಒಂದು ಲೀಟರ್ ಹತ್ತಿರ. ಏರಿನಲ್ಲಿ ಪೂರ್ತಿ ಒತ್ತಿ ಎಂಜಿನ್ ಕೂಗಿಸಿದರೆ ಹತ್ತು ಪಟ್ಟಿಗೂ ಜಾಸ್ತಿ ಬೇಕು. ಸುಸ್ತಾದ ಪಂಪೂ ಒಂದು ಲೀಟರ್ ಲೆಕ್ಕಕ್ಕೆ 3 ಬಾರ್ ತೋರಿಸಿಬಿಡುತ್ತದೆ! ಹಾಗಾಗಿ ಉದ್ದದ ಪೈಪು ಹಾಕಿ, ಬಾನೆಟ್ ಸಂದಿಯಿಂದ ಗೇಜ್ ಹೊರಗೆ ತಂದು, ಗಾಜಿನ ಮೇಲೆ ಟೇಪಲ್ಲಿ ಗಟ್ಟಿಯಾಗಿ ಕಟ್ಟಿದೆ. ಗೇಜ್ ಕಾರಿನ ಒಳಗೆ ತರಬಾರದು, ಸೋರಿದರೆ ಪೆಟ್ರೋಲ್ ನಮ್ಮ ಮಡಿಲಿಗೇ ಬೀಳುತ್ತದೆ. ಪೈಪು ಬೆಲ್ಟಿಗಾಗಲೀ ಬಿಸಿ ಮ್ಯಾನಿಫೋಲ್ಡಿಗಾಗಲೀ ತಾಗಬಾರದು. ಓಡಿಸುವವರು ರಸ್ತೆ ನೋಡಲಿ, ಮುಳ್ಳು ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ.

ದೇವಿಮನೆ ಏರಿನಲ್ಲಿ ಪೂರ್ತಿ ಒತ್ತಿದಾಗ ಮುಳ್ಳು 3ರಿಂದ ಮೆಲ್ಲಗೆ ಜಾರಿ 2ಕ್ಕಿಂತ ಕೆಳಗೆ ಬಂತು. ಜರ್ಕ್ ಶುರುವಾಗಿದ್ದೂ ಆಗಲೇ. ಕಾಲು ತೆಗೆದ ಕೂಡಲೇ ಮತ್ತೆ 3. ಪಕ್ಕದಲ್ಲಿ ಕೂತ ಹುಡುಗ ‘ಅಣ್ಣಾ, ಪಂಪೇ ಹೋಗಿದೆ’ ಅಂದ. ಹೊಸ ಪಂಪು, ಹೊಸ ಫಿಲ್ಟರ್, ಆದರೂ ಪೆಟ್ರೋಲ್ ಸಾಲುತ್ತಿಲ್ಲ. ಹಾಗಿದ್ದರೆ ಪಂಪಿಗೆ ಸಿಗಬೇಕಾದ ಕರೆಂಟ್ ಸಿಗುತ್ತಿದೆಯಾ ಅಂತ ನೋಡಬೇಕಲ್ವಾ?

ಹಿಂದಿನ ಸೀಟು ಎತ್ತಿ, ಪಂಪಿನ ವೈರ್ ಸೇರುವ ಕಪ್ಲರ್ ಹಾಕಿರುವಂತೆಯೇ, ಪಂಪ್ ಓಡುವಾಗ ಹಿಂದಿನಿಂದ ಪ್ರೋಬ್ ಚುಚ್ಚಿ ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನಲ್ಲಿ 10 ಕೂಡ ಇಲ್ಲ. ಕಪ್ಲರ್ ಕಳಚಿಟ್ಟು ಅಳೆದರೆ ಇದು ಸಿಗುವುದಿಲ್ಲ. ಕರೆಂಟ್ ಹರಿಯದಿದ್ದರೆ ತುಕ್ಕು ಹಿಡಿದ ವೈರಲ್ಲೂ ಮೀಟರ್ 12 ತೋರಿಸುತ್ತದೆ. ಪ್ಲಸ್ ಕಡೆ ಸರಿ ಇತ್ತು. ಅರ್ಥಿಂಗ್ ವೈರ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿದೆ. ವೈರಿನ ತುದಿಯ ಲಗ್ಗಿನ ಕೆಳಗೆಲ್ಲ ಹಸಿರು ಪುಡಿ, ಅದರಡಿ ಬಾಡಿಯ ತಗಡು ಕಂದು ಹಾಳೆ ಹಾಳೆಯಾಗಿ ಏಳುತ್ತಿತ್ತು. ಕಡಲ ಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಿ, ಕಾರವಾರದಿಂದ ಭಟ್ಕಳದವರೆಗೆ, ಇದನ್ನು ಬಹಳ ನೋಡುತ್ತೇನೆ.

ತಗಡು ಉಜ್ಜಿ ಹೊಳಪು ಬರಿಸಿ, ಹೊಸ ಲಗ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಪಂಪಿನಲ್ಲಿ ಈಗ 13ರ ಮೇಲೆ. ಅದೇ ಏರು, ಅದೇ ಗೇರು, ಮುಳ್ಳು 3 ಬಿಟ್ಟು ಅಲ್ಲಾಡಲಿಲ್ಲ. ಕಾರಿನವರಿಗೆ ನಂಬಿಕೆಯೇ ಬರಲಿಲ್ಲ. ‘ವೋಲ್ಟೇಜ್ ಇಲ್ದಾಗ ತೋಟದ ಪಂಪ್‌ಸೆಟ್ ತಿರುಗ್ತದೆ, ನೀರು ಮೇಲೆ ಬರೂದಿಲ್ಲ, ಅಲ್ವಾ ಮಾರಾಯ್ರೆ’ ಅಂತ ನಾನು ಅಂದಮೇಲೆ ತಲೆ ಆಡಿಸಿದರು. ಪಾರ್ಟ್ ಏನೂ ಹಾಕಿಲ್ಲವಲ್ಲ, ದುಡ್ಡು ಎಷ್ಟು ಅಂತ ಕೇಳಿದರು. ಹುಡುಕಿದ್ದಕ್ಕೆ ದುಡ್ಡು ಅಂತ ಹೇಳೋದು ನಮ್ಮ ಕಸುಬಿನಲ್ಲಿ ಬೋಲ್ಟ್ ಬಿಚ್ಚುವುದಕ್ಕಿಂತ ಕಷ್ಟ. ಕೊಟ್ಟರು ಅನ್ನಿ.

ಇನ್ನು ‘ಪ್ರೆಶರ್ ಅಡ್ಜಸ್ಟ್ ಮಾಡಿಕೊಡಿ’ ಅಂತ ಬರುವವರು. ಕಂಪನಿಯಿಂದ ಬಂದ ರೆಗ್ಯುಲೇಟರ್‌ಗಳಲ್ಲಿ ಹೆಚ್ಚಿನವಕ್ಕೆ ತಿರುಗಿಸುವ ಸ್ಕ್ರೂ ಇರುವುದಿಲ್ಲ. ಈಗಿನ ಕಾರುಗಳಲ್ಲಿ ರಿಟರ್ನ್ ಲೈನೂ ಇಲ್ಲ, ರೆಗ್ಯುಲೇಟರ್ ಟ್ಯಾಂಕಿನ ಒಳಗೆ ಪಂಪಿನ ಜೊತೆಯೇ ಇರುತ್ತದೆ. ಒತ್ತಡ ತಪ್ಪಿದರೆ ಕಾರಣ ಹುಡುಕಬೇಕು, ಇಲ್ಲವೇ ಬದಲಿಸಬೇಕು. ಹೊರಗಿನಿಂದ ತಂದು ಹಾಕಿದ ಅಡ್ಜಸ್ಟೆಬಲ್ ರೆಗ್ಯುಲೇಟರ್ ಇದ್ದರೆ ವಿಧಾನ ಸುಲಭ. ವ್ಯಾಕ್ಯೂಮ್ ಪೈಪು ಕಿತ್ತು ಅದರ ಬಾಯಿ ಮುಚ್ಚಿ, ಎಂಜಿನ್ ಐಡ್ಲಿಂಗಲ್ಲಿಟ್ಟು, ಲಾಕ್ ನಟ್ ಸಡಿಲಿಸಿ ಸ್ಕ್ರೂ ಕಾಲು ಸುತ್ತು ಕಾಲು ಸುತ್ತು ತಿರುಗಿಸುತ್ತಾ 3 ಬಾರ್‌ಗೆ, ಇಲ್ಲವೇ ಮ್ಯಾನ್ಯುಯಲ್ ಹೇಳಿದ ಒತ್ತಡಕ್ಕೆ ತನ್ನಿ. ಪ್ರತಿ ಸಲ ಮುಳ್ಳು ನಿಲ್ಲುವವರೆಗೆ ಕಾಯಿರಿ. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೆ ತಿರುಗುತ್ತದೆ, ಆಮೇಲೆ ಇನ್ನೊಮ್ಮೆ ಓದಿ.

ಕೆಲವು ಹುಡುಗರಿಗೆ 4 ಬಾರ್ ಬೇಕಂತೆ, ಪಿಕಪ್ ಬರುತ್ತದಂತೆ. 3ರಿಂದ 4ಕ್ಕೆ ಏರಿಸಿದರೆ ಇಂಜೆಕ್ಟರ್ ಬಿಡುವ ಪೆಟ್ರೋಲ್ ಜಾಸ್ತಿಯಾಗುವುದು ಶೇಕಡಾ 15ರಷ್ಟು. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಎಂಜಿನ್ನಿನ ಕಂಪ್ಯೂಟರ್ ಇಸಿಯು ಮಾಮೂಲಿ ಓಡಾಟದಲ್ಲಿ ಅದನ್ನು ಮತ್ತೆ ಕಡಿಮೆ ಮಾಡುತ್ತದೆ. ಪೂರ್ತಿ ಒತ್ತಿದಾಗ ಮಾತ್ರ ಹೆಚ್ಚಿನ ಪೆಟ್ರೋಲ್ ಹಾಗೇ ಹೋಗುತ್ತದೆ, ಮೈಲೇಜೂ ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ. ನಾನು ಮಾಡಿಕೊಡುವುದಿಲ್ಲ.

ಗೇಜ್ ಬಿಚ್ಚುವಾಗಲೂ ಮೊದಲಿನಂತೆ ಒತ್ತಡ ಇಳಿಸಿಯೇ ಬಿಚ್ಚಿ. ಜಾಯಿಂಟ್ ಕೂರಿಸಿ, ಕ್ಲಿಪ್ ಟಕ್ ಅಂದದ್ದು ಕೇಳಿಸಿಕೊಂಡು, ಎಳೆದು ನೋಡಿ. ಸ್ಟಾರ್ಟ್ ಮಾಡದೆ ಎರಡು ಮೂರು ಸಲ ಚಾವಿ ಆನ್-ಆಫ್ ಮಾಡಿ ಲೈನ್ ತುಂಬಿಸಿ. ಒಣ ಕಾಗದ ಹಿಡಿದು ಜಾಯಿಂಟ್ ಸುತ್ತ ಒರೆಸಿ ನೋಡಿ. ಕಾಗದಕ್ಕೆ ಹಸಿ ತಾಗಿರದಿದ್ದರೆ ಆಮೇಲೆ ಸೆಲ್ಫ್ ಹೊಡೆಯಿರಿ.