ಮಾರುತಿ 800 ರಿಪೇರಿ, ಭಾಗ 6: ಎರಡನೇ ಗೇರಿನ ಕರಕರ

ಬ್ರೇಕ್ ಕೆಲಸ ಮುಗಿಯಿತು, ರೇಡಿಯೇಟರ್ ಸೋರುವುದೂ ನಿಂತಿತು. ಉಳಿದದ್ದು ಗೇರ್. ಹಾಸನದ ಬೆಳಗಿನ ಚಳಿಗೆ ಕಾರು ತೆಗೆದರೆ ಎರಡನೇ ಗೇರ್ ಹಾಕುವಾಗ ಕರ್ರ್ ಅನ್ನುತ್ತದೆ. ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಸದ್ದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೊದಲು ಕ್ಲಚ್ ಮೇಲೆ ಅನುಮಾನ ಬಂತು. ಆದರೆ ರಿವರ್ಸ್ ಸದ್ದಿಲ್ಲದೆ ಬೀಳುತ್ತಿದೆ. ರಿವರ್ಸ್‌ಗೆ ಸಿಂಕ್ರೋ (ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ರಿಂಗ್) ಇಲ್ಲ, ಕ್ಲಚ್ ಸರಿಯಾಗಿ ಬಿಡದಿದ್ದರೆ ಅದೇ ಮೊದಲು ಕಿರುಚಬೇಕಿತ್ತು.

ಹೋದ ವರ್ಷ ಗೇರ್ ಆಯಿಲ್ ಹಾಕಿದವನು ನಾನೇ. ಅಂಗಡಿಯಲ್ಲಿ ಜಿಎಲ್-4, ಜಿಎಲ್-5 ಅನ್ನುವ ಎರಡೂ ದರ್ಜೆಯ ಗೇರ್ ಆಯಿಲ್ ಇದ್ದವು. 5 ಅಂದರೆ 4ಕ್ಕಿಂತ ಒಳ್ಳೆಯದು ಅಲ್ವಾ ಅಂದುಕೊಂಡು 90 ಗಟ್ಟಿತನದ ಜಿಎಲ್-5 ತಂದು ಸುರಿದೆ.

ಶನಿವಾರ ಕಾರಿನಡಿ ನುಗ್ಗಿದೆ. ಡ್ರೈನ್ ಪ್ಲಗ್ ಮುಟ್ಟುವ ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚಿ ನೋಡಿ. ಇರುವ ಆಯಿಲ್ ಎಲ್ಲ ಇಳಿಸಿದ ಮೇಲೆ ಅದು ಬರಲಿಲ್ಲ ಅಂದರೆ ಕಾರು ಅಲ್ಲೇ ಕೂರಬೇಕಾಗುತ್ತದೆ. ನನ್ನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಟ್ಟೆ.

ಭಾನುವಾರ ಪ್ಲಗ್ ಬಿಚ್ಚಿ ಬಂತು, ಹಳೆ ಆಯಿಲ್ ಟ್ರೇಗೆ ಇಳಿಸಿದೆ. ಆ ಗಂಧಕದ ನಾತ ಕೈಯಿಂದ ಎರಡು ದಿನ ಹೋಗಲಿಲ್ಲ. ಟ್ರೇನಲ್ಲಿ ಅಯಸ್ಕಾಂತ ಆಡಿಸಿದೆ. ನುಣ್ಣನೆಯ ಬೂದು ಪೇಸ್ಟ್ ಅಂಟಿತು, ಚೂರುಗಳಿಲ್ಲ. ಸಮಾಧಾನ. ಆದರೆ ಆಯಿಲ್ ಅನ್ನು ಬಿಸಿಲಿಗೆ ಹಿಡಿದಾಗ ಹಳದಿ ಮಿನುಗು ಕಾಣಿಸಿತು. ಅದು ಅಯಸ್ಕಾಂತಕ್ಕೆ ಅಂಟಲಿಲ್ಲ. ಹಿತ್ತಾಳೆ, ಅಂದರೆ ಸಿಂಕ್ರೋ ರಿಂಗ್.

ಕಾರಣ ಇಷ್ಟು. ಗೇರ್ ಬೀಳುವ ಮೊದಲು ಸಿಂಕ್ರೋ ರಿಂಗ್ ಗೇರಿನ ಕೋನ್ ಮೇಲೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡಬೇಕು. ಉಜ್ಜಲು ಹಿಡಿತ ಬೇಕು. ಜಿಎಲ್-5ರಲ್ಲಿ ಗಂಧಕ, ರಂಜಕದ ರಾಸಾಯನಿಕಗಳು ಜಿಎಲ್-4ರ ಸುಮಾರು ಎರಡರಷ್ಟು. ಹಿಂದಿನ ಚಕ್ರ ಓಡಿಸುವ ಗಾಡಿಗಳ ಹಿಂದಿನ ಆಕ್ಸಲ್‌ನಲ್ಲಿರುವ ಹೈಪಾಯ್ಡ್ ಗೇರ್‌ಗಳ ಹಲ್ಲು ಒಂದರ ಮೇಲೊಂದು ಜಾರುತ್ತವೆ, ಅವಕ್ಕೆ ಅಷ್ಟು ಬೇಕು. ಆದರೆ ಅದರಿಂದ ಸಿಂಕ್ರೋ ರಿಂಗ್ ಹಿಡಿಯದೆ ಜಾರುತ್ತದೆ. ಜೊತೆಗೆ ತುಂಬಾ ಬಿಸಿಯಾದಾಗ ಕೆಲವು ಜಿಎಲ್-5 ಆಯಿಲ್‌ಗಳ ಗಂಧಕ ಹಿತ್ತಾಳೆಯನ್ನೂ ತಿನ್ನುತ್ತದೆ. 800ರದ್ದು ಮುಂದಿನ ಚಕ್ರ ಓಡಿಸುವ ಗಾಡಿ, ಅದರಲ್ಲಿ ಹೈಪಾಯ್ಡ್ ಗೇರೇ ಇಲ್ಲ. ನಾನು ಸುಮ್ನೆ ಜಾಸ್ತಿ ದುಡ್ಡು ಕೊಟ್ಟು ಕೆಡಿಸಿದೆ.

ಇನ್ನು ಗಟ್ಟಿತನ. 90 ಅಂದ ತಕ್ಷಣ ಜೋನಿಬೆಲ್ಲದ ಹಾಗೆ ಅಂದುಕೊಳ್ಳಬೇಡಿ. ಗೇರ್ ಆಯಿಲ್‌ನ ಅಳತೆಯೇ ಬೇರೆ. ಬಿಸಿಯಾದಾಗ ಅದರ 90, ಎಂಜಿನ್ ಆಯಿಲ್‌ನ 40ಕ್ಕೆ ಹತ್ತಿರ. 75ಡಬ್ಲ್ಯೂ-90, 80ಡಬ್ಲ್ಯೂ-90 ಎರಡೂ ಬಿಸಿಯಲ್ಲಿ ಒಂದೇ ವರ್ಗ. ತಣ್ಣಗಿರುವಾಗ ಮಾತ್ರ 75 ತೆಳು. ನನ್ನ ತೊಂದರೆ ಬೆಳಗ್ಗೆಯದ್ದೇ ಆದ್ದರಿಂದ 75ಡಬ್ಲ್ಯೂ-90 ಜಿಎಲ್-4 ತಂದೆ.

ಬಾನೆಟ್ ಕಡೆಯಿಂದ ಪೈಪ್ ಇಳಿಸಿ, ಆಲಿಕೆ ಇಟ್ಟು ಸುರಿದೆ. ಕಾರು ಸಮತಟ್ಟಾಗಿರಬೇಕು. ಪ್ಲಗ್ಗಿನ ತೂತಿನಿಂದ ಹನಿ ಹೊರಬಂದಾಗ ನಿಲ್ಲಿಸಿದೆ.

ಬೇಲೂರಿಗೆ ಹೋಗಿ ಬಂದೆ. ಗಾಡಿ ಬಿಸಿಯಾದ ಮೇಲೆ ಸದ್ದು ಪೂರ್ತಿ ಮಾಯ. ಬೆಳಗ್ಗೆ ಮೊದಲ ಒಂದೆರಡು ಸಲ ಈಗಲೂ ಸ್ವಲ್ಪ ತಡೆಯುತ್ತದೆ. ರಿಂಗ್ ಸವೆದಿದೆ, ಗೇರ್ ಬಾಕ್ಸ್ ಇಳಿಸಿದ ದಿನ ಬದಲಾಯಿಸುತ್ತೇನೆ. ಮಿಕ್ಕ ಅರ್ಧ ಡಬ್ಬ ಜಿಎಲ್-5 ದೊಡ್ಡಪ್ಪನ ಜೀಪಿನ ಹಿಂದಿನ ಆಕ್ಸಲ್‌ಗೆ ಹೋಯಿತು.